ಹೊಸದಾಗಿ ಕಟ್ಟಿದ ಪಾಳುಮಠ

ಸರ್ ಲಯನೆಲ್‌ಗೆ ತನ್ನ ಉದ್ಯಾನದಲ್ಲಿ ಪಾಳುಬಿದ್ದ ಮಠವೊಂದು ಬೇಕಿತ್ತು. ವಿಲ್ಟ್‌ಶೈರಿನ ಶ್ರೀಮಂತರಿಗೆಲ್ಲ ಆಗ ಅದೇ ಹುಚ್ಚು. ಕಟ್ಟಿದ್ದು ತಾನಾಗಿ ಪಾಳಾಗುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಪಾಳನ್ನೇ ಹೊಸದಾಗಿ ಕಟ್ಟಿಸುತ್ತಿದ್ದರು. ನೋಟಕ್ಕೆ ಅಡ್ಡವೆಂದು ಎಂಟು ಮನೆ ಕೆಡವಿಸಿದ ಧಣಿ, ಒಂಬತ್ತನೆಯದನ್ನು ಕೆಲಸ ಮುಗಿಯುವವರೆಗೆ ಉಳಿಸಿದ್ದ. ಅದು ಆ ಮಠ ಕಟ್ಟುತ್ತಿದ್ದ ಕಲ್ಲುಕುಟಿಗ ಈನಕ್ ಪರ್ಡಲ್‌ನ ಮನೆ. ಒಳಗೆ ಅವನ ಹೆಂಡತಿ ಕೆಜಾಯಾ ಹಾಸಿಗೆ ಹಿಡಿದಿದ್ದಳು.

"ಈ ಸೂರಿನಡೀಲೇ ನನ್ನ ಜೀವ ಹೋಗ್ಲಿ. ಅಷ್ಟು ಮಾಡು ಮಾರಾಯ," ಅಂದಿದ್ದಳು.

ಕೆಲಸ ಎಳೆದಷ್ಟೂ ಸೂರು ಉಳಿಯುತ್ತಿತ್ತು. ಈನಕ್ ಎಳೆದ. ಆದರೆ ಎಷ್ಟಂತ ಎಳೆಯುವುದು? ಸೆಪ್ಟೆಂಬರಿನಲ್ಲಿ ಕೊನೆಯ ಕಮಾನು ಕಟ್ಟಿ, ಅದನ್ನೇ ಅರ್ಧ ಒಡೆದು, ಬಿರುಕಿಗೆ ಬಳ್ಳಿ ನೆಟ್ಟದ್ದೂ ಆಯಿತು.

ಸರ್ ಲಯನೆಲ್ ನೋಡಿ ಮೂಗು ಮುರಿದ. "ಏನೋ ಕೊರತೆ ಕಣಯ್ಯ. ಒಂಟಿಯಾಗಿ ನಿಂತಿದೆ, ನಿಜ ಅನ್ನಿಸಲ್ಲ."

ಈನಕ್‌ಗೆ ದಾರಿ ಕಂಡಿತು. "ಮಠ ಅಂದ್ಮೇಲೆ ಪಕ್ಕದಲ್ಲಿ ಆಳುಗಳ ಮನೆ ಇರ್ಬೇಕಲ್ವಾ ಬುದ್ಧಿ? ಅದನ್ನೂ ಒಂದು ಪಾಳುಬಿದ್ದದ್ದು ಕಟ್ಕೊಡ್ತೀನಿ. ಚಳಿಗಾಲ ಕಳೆಯೋ ಹೊತ್ತಿಗೆ ಮುಗಿಯುತ್ತೆ."

"ಭಲೇ! ಆದ್ರೆ ಕಟ್ಟೋದ್ಯಾಕೆ? ನಿನ್ನದೇ ಇದೆಯಲ್ಲ! ಸೂರು ತೆಗೆದುಬಿಡು, ಗೋಡೆ ಇರಲಿ. ಸೋಮವಾರ ಅತಿಥಿಗಳು ಬರ್ತಾರೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಭಾನುವಾರ ಚರ್ಚಿನಲ್ಲಿ ಈನಕ್ ಮಂಡಿಯೂರಿ, ನಾಳೆಯೊಳಗೆ ಅವಳನ್ನು ಕರೆದುಕೋ ಎಂದು ದೇವರನ್ನು ಬೇಡಿದ. ಮೂವತ್ತು ವರ್ಷ ಬಾಳಿದ ಹೆಂಡತಿಯ ಸಾವು ಬೇಡಿದವನನ್ನು ಬೈಯುವವರು ಬೈಯಲಿ, ನನಗೆ ಬಾಯಿ ಬರುವುದಿಲ್ಲ.

ಸೋಮವಾರವೂ ಅವಳ ಉಸಿರು ಆಡುತ್ತಿತ್ತು. ವಿಷಯ ಕೇಳಿ ನಕ್ಕಳು. "ಜನ್ಮಕ್ಕೊಂದ್ಸಲ ಧಣಿ ಮುಂದೆ ಬಾಯಿ ಬಿಟ್ಟೆ, ಮನೇನೇ ನುಂಗ್ಬಿಟ್ಟೆಯಲ್ಲೋ! ಒಲೆ ಕಡೆಯಿಂದ ಶುರು ಮಾಡು. ನನ್ನ ತಲೆ ಮೇಲಿಂದು ಕೊನೇಗೆ."

ಮಧ್ಯಾಹ್ನದ ಹೊತ್ತಿಗೆ ಅವಳ ಹಾಸಿಗೆಯ ನೇರಕ್ಕಿದ್ದ ಸೂರಿನ ಹುಲ್ಲಷ್ಟೇ ಉಳಿದಿತ್ತು. ಅತಿಥಿಗಳೊಡನೆ ಬಂದ ಸರ್ ಲಯನೆಲ್ ಕೋಲೆತ್ತಿ ತೋರಿಸಿದ. "ಆ ಮೂಲೆ ಯಾಕೆ ಬಿಟ್ಟೆ?"

"ಹೆಂಡ್ತಿ ಇನ್ನೂ ಇದ್ದಾಳೆ ಬುದ್ಧಿ."

"ಅಯ್ಯೋ ಪಾಪ. ದಿಕ್ಕಿಲ್ಲದವರನ್ನ ಇಡೋ ಬಡವರ ಮನೆಗೆ ಸಾಗಿಸೋಕೆ ಗಾಡಿ ಕರೆಸ್ಲಾ?"

"ತೆಗಿ ಮಾರಾಯ," ಒಳಗಿಂದ ಕೆಜಾಯಾಳ ದನಿ ಬಂತು. "ಆ ನರಕಕ್ಕಿಂತ ಬಯಲೇ ವಾಸಿ."

ಈನಕ್ ಏಣಿ ಹತ್ತಿ ಕೊನೆಯ ಕಂತೆ ಎಳೆದ. ಬಿಸಿಲು ನೇರ ಅವಳ ಮುಖಕ್ಕೆ ಬಿತ್ತು. ಅವಳು ಕಣ್ಣು ಕಿರಿದು ಮಾಡಿಕೊಂಡು ಅವನನ್ನೇ ನೋಡುತ್ತಿದ್ದಳು. ಕೆಳಗೆ ಅತಿಥಿಗಳು ಚಪ್ಪಾಳೆ ತಟ್ಟಿದರು.