ಕೂಡದ ಅಂಗುಳ

ಪುಟ್ಟಲಕ್ಷ್ಮಮ್ಮನ ಚೊಚ್ಚಲ ಮಗು ಹುಟ್ಟಿ ಮೂರು ದಿನವಾಗಿತ್ತು. ಮೊಲೆಗೆ ಹಾಕಿದರೆ ಬಾಯಾಡಿಸುತ್ತಿತ್ತೇ ಹೊರತು ಹಾಲೆಳೆಯಲು ಆಗುತ್ತಿರಲಿಲ್ಲ. ಬಾಯಿಗೆ ಬಿದ್ದ ನಾಲ್ಕು ಹನಿಯೂ ಮೂಗಿನಿಂದ ಹೊರಬರುತ್ತಿತ್ತು. ತುಟಿ ನೆಟ್ಟಗಿದ್ದುದರಿಂದ ಸೂಲಗಿತ್ತಿಗೂ ಏನೂ ಗೊತ್ತಾಗಲಿಲ್ಲ.

"ದಿಷ್ಟಿ ಆಗೈತೆ ಬುಡು," ಎಂದು ಅತ್ತೆ ದ್ಯಾವಮ್ಮ ನೀವಾಳಿಸಿದಳು.

ಮಾರನೆಯ ದಿನ ಗಂಡ ಕೆಂಪಣ್ಣ ಚಿನಕುರಳಿಯಿಂದ ಬಸ್ಸು ಹತ್ತಿಸಿ, ತಾಯಿ ಮಗುವನ್ನು ಪಾಂಡವಪುರದ ಡಾಕ್ಟರ ಬಳಿ ಕರೆದೊಯ್ದ. ಮಗು ಅತ್ತಾಗ ಡಾಕ್ಟರು ಬ್ಯಾಟರಿ ಬಿಟ್ಟು, "ಇಲ್ಲಿ ನೋಡಮ್ಮ," ಎಂದರು. ಪುಟ್ಟ ನಾಲಿಗೆಯ ಮೇಲೆ, ಅಂಗುಳ ಇರಬೇಕಾದ ಕಡೆ ಉದ್ದಕ್ಕೂ ಸೀಳು. ಅದರಾಚೆ ಮೂಗಿನ ಒಳಗಿನ ಕೆಂಪು ಕಾಣುತ್ತಿತ್ತು. ಕಿರುನಾಲಿಗೆಯೂ ಎರಡಾಗಿತ್ತು.

"ಹೊಟ್ಟೆಯಲ್ಲಿರುವಾಗಲೇ ಎರಡು ಕಡೆಯಿಂದ ಬೆಳೆದು ಕೂಡಬೇಕಿತ್ತು, ಕೂಡಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಹೊಲಿಯುತ್ತಾರೆ. ಆದರೆ ಒಂದೂವರೆ ವರ್ಷವಾದರೂ ತುಂಬಬೇಕು."

"ಅಲ್ಲೀಗಂಟ ಎಂಗ್ ಬದುಕೀತು ಸೋಮಿ? ಆಲೇ ಒಳಕ್ಕೋಗಲ್ಲ!" ಎಂದಳು ಪುಟ್ಟಲಕ್ಷ್ಮಮ್ಮ.

"ಎತ್ತಿ ಕೂರಿಸಿಕೊಂಡು ಒಳಲೆಯಲ್ಲಿ ಹನಿಹನಿಯಾಗಿ ಹಾಕಿ ನೋಡಿ," ಎಂದು ಡಾಕ್ಟರು ಬೇರೆ ಕಡೆ ತಿರುಗಿದರು.

ಪುಟ್ಟಲಕ್ಷ್ಮಮ್ಮ ಹಾಗೇ ಮಾಡಿದಳು. ಎದೆಯಲ್ಲಿ ರವಿಕೆ ನೆನೆಯುವಷ್ಟು ಹಾಲಿತ್ತು. ಹಿಂಡಿ ಒಳಲೆಗೆ ತುಂಬಿ ಹಾಕಿದರೆ ಅರ್ಧ ಮೂಗಿಗೇ ಬರುತ್ತಿತ್ತು. ಮಗು ಸೊರಗುತ್ತಾ ಬಂತು, ಅಳುವುದೂ ಕಡಿಮೆಯಾಯಿತು. ಅಳದೆ ಅದು ಬಾಯಿ ತೆರೆಯುತ್ತಿರಲಿಲ್ಲ. ಅದಕ್ಕೆ ಅವಳು ತುಟಿ ಕಚ್ಚಿಕೊಂಡು ಅದರ ಅಂಗಾಲು ಚಿವುಟುವಳು. ಬಾಯಿ ತೆರೆದೊಡನೆ ಹನಿ ಬಿಡುವಳು.

ಮಗು ಹುಟ್ಟಿದ ಹದಿನೇಳನೆಯ ದಿನ ಬೆಳಿಗ್ಗೆ ಚಿವುಟಿದಳು, ಅಳಲಿಲ್ಲ. ಮತ್ತೆ ಚಿವುಟಿದಳು. ದ್ಯಾವಮ್ಮ ಬಂದು ಸೊಸೆಯ ಬೆರಳನ್ನು ಮೆಲ್ಲಗೆ ಬಿಡಿಸಿದಳು.

"ಸಾಕು ಕಣವ್ವ, ಬುಡು. ಅದ್ಕೆ ಇನ್ನ್ ನೋಯಕಿಲ್ಲ."