ಹಿಮ್ಮಡಿ ಕೇಳಿ ನುಡಿಸಿದವರು

ನಾನು ಒಂದು ಮಣೆ. ಊಟಕ್ಕೆ ಕೂರುವ ಮಣೆಯಲ್ಲ, ಹಸೆಮಣೆಯೂ ಅಲ್ಲ. ಸೋಮಗಿರಿ ಸಂಸ್ಥಾನದ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡು ಅಂತ ಒಂದಿತ್ತು. ಪಿಟೀಲು, ಕೊಳಲು, ಕಹಳೆ, ನಗಾರಿ ಎಲ್ಲ ಸೇರಿ ನಲವತ್ತೆರಡು ಮಂದಿ ಕೂತು ಯುರೋಪಿನ ಸಿಂಫನಿಗಳನ್ನು ನುಡಿಸುತ್ತಿದ್ದರು. ಅವರನ್ನು ನಡೆಸುವ ಕಂಡಕ್ಟರು ನಿಲ್ಲುತ್ತಿದ್ದದ್ದು ನನ್ನ ಮೇಲೆ. ಕಂಡಕ್ಟರು ಅಂದಕೂಡಲೇ ಬಸ್ಸು, ಟಿಕೆಟ್ಟು ನೆನೆಸಿಕೊಳ್ಳಬೇಡಿ. ಅರಮನೆಯಲ್ಲಿ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ನನ್ನನ್ನು ಮಾಡಿದವರು ಅರಮನೆಯ ಬಡಗಿ ಲಿಂಗಾಚಾರಿ. ವೀಣೆಗೆಂದು ಏಳು ವರ್ಷ ನೆರಳಲ್ಲಿ ಒಣಗಿಸಿಟ್ಟಿದ್ದ ಹಲಸಿನ ಮರ ನಾನು. ಯಾರದೋ ಮಡಿಲಲ್ಲಿ ಮಲಗಿ ನುಡಿಯುವ ಕನಸು ಕಾಣುತ್ತಾ ಒಣಗುತ್ತಿದ್ದೆ. ಒಂದು ಬೆಳಿಗ್ಗೆ ಅಪ್ಪಣೆ ಬಂತು, ಗರಗಸ ಬಂತು, ಸಂಜೆಯ ಹೊತ್ತಿಗೆ ನಾನು ಒಂದು ಗೇಣು ಎತ್ತರದ, ಒಳಗೆಲ್ಲ ಪೊಳ್ಳಾದ ಪೆಟ್ಟಿಗೆಮಣೆಯಾಗಿದ್ದೆ. ಗೇಣಿಗಿಂತ ಹೆಚ್ಚು ಎತ್ತರ ಕೂಡದೆಂದು ಕಟ್ಟಪ್ಪಣೆ. ಸಿಂಹಾಸನದ ಮೊದಲ ಮೆಟ್ಟಿಲಿಗಿಂತ ನಾನು ತಗ್ಗಿರಬೇಕಿತ್ತು. ಮಾರನೆಯ ದಿನ ಯಾರೋ ಹತ್ತಿ ನನ್ನ ಮೇಲೆ ಎರಡೂ ಪಾದ ಊರಿದಾಗ ನಾನು ದಂಗಾಗಿಹೋದೆ. ಮಡಿಲು ಎಲ್ಲಿ, ಪಾದ ಎಲ್ಲಿ! ಇದು ನನ್ನ ಬಾಳಿನ ಮೊದಲ ಆಘಾತ. ಆಮೇಲೆ ಬಂದವುಗಳ ಮುಂದೆ ಇದು ಏನೂ ಅಲ್ಲ.

ಆ ಪಾದಗಳು ಮೊದಲ ಮೇಷ್ಟ್ರು ಲಿಂಡ್ನರ್ ಸಾಹೇಬರವು. ಮಹಾರಾಜರೇ ಅವರನ್ನು ಜರ್ಮನಿಯಿಂದ ಕರೆಸಿಕೊಂಡಿದ್ದರು. ದರ್ಬಾರು ಹಜಾರದಲ್ಲಿ ಬೂಟಿಗೆ ಅವಕಾಶವಿಲ್ಲದ್ದರಿಂದ ಬರಿಗಾಲು. ಬೆಳ್ಳಗೆ, ಮೆತ್ತಗೆ, ಬೆಂಕಿ ಕಾಣದ ಬ್ರೆಡ್ಡಿನ ಹಿಟ್ಟಿನ ಹಾಗಿದ್ದವು. ಸಾಹೇಬರು ವಾದ್ಯದವರ ಕಡೆ ತಿರುಗಿ ಕೋಲು ಎತ್ತಿದರೋ ಇಲ್ಲವೋ, ದರ್ಬಾರು ಬಕ್ಷಿ ಶ್ರೀಪತಿರಾಯರು ಪಂಚೆ ಎತ್ತಿಕೊಂಡು ಓಡಿಬಂದರು. ಯಾರು ಎಲ್ಲಿ ಕೂರಬೇಕು, ಎಷ್ಟು ಬಗ್ಗಬೇಕು ಅನ್ನುವುದನ್ನೆಲ್ಲ ನೋಡಿಕೊಳ್ಳುವವರು ಅವರು.

"ಕೃಷ್ಣ ಕೃಷ್ಣಾ! ಸನ್ನಿಧಾನಕ್ಕೆ ಬೆನ್ನು ಮಾಡೋದಾ? ನಮ್ಮ ಮುತ್ತಾತನ ಕಾಲದಿಂದ ಈ ಹಜಾರದಲ್ಲಿ ಯಾರೂ ಬೆನ್ನು ಮಾಡಿಲ್ಲ ಸಾಹೇಬ್ರೆ. ಹೋಗೋರೂ ಹಿಂದ್ಹಿಂದಕ್ಕೇ ಹೆಜ್ಜೆ ಇಟ್ಕೊಂಡು ಹೋಗ್ತಾರೆ."

ಸಾಹೇಬರು ಕಕ್ಕಾಬಿಕ್ಕಿಯಾದರು. ಪ್ರಪಂಚದ ಯಾವ ಮೂಲೆಗೆ ಹೋದರೂ ಮೇಷ್ಟ್ರ ಬೆನ್ನು ಕೇಳುವವರಿಗೆ, ಮುಖ ನುಡಿಸುವವರಿಗೆ ಎಂದು ದುಭಾಷಿಯ ಮೂಲಕ ಬೇಡಿಕೊಂಡರು. ರಾಯರು ಜಗ್ಗಲಿಲ್ಲ. ಒಂದು ಕನ್ನಡಿಯಾದರೂ ಇಡಿ ಎಂದರು ಸಾಹೇಬರು. ಕನ್ನಡಿಯಲ್ಲಿ ಮಹಾರಾಜರ ಬಿಂಬ ವಾದ್ಯದವರ ಕಾಲ ಹತ್ತಿರ ಬೀಳುತ್ತದೆಂದು ಅದೂ ಬೇಡವಾಯಿತು. ಸರಿ, ಬೆನ್ನ ಹಿಂದಿದ್ದವರಿಗೆ ಕಾಣುವಂತೆ ಕೈಯನ್ನಾದರೂ ಮೇಲೆತ್ತುತ್ತೇನೆ ಎಂದರೆ, ಸನ್ನಿಧಾನದ ಎದುರು ಕೈ ಎದೆಯಿಂದ ಮೇಲೆ ಹೋಗುವ ಹಾಗಿಲ್ಲ. ಕೊನೆಗೆ ಸಾಹೇಬರು ಸಿಂಹಾಸನಕ್ಕೆ ಮುಖ, ನಲವತ್ತೆರಡು ಜನಕ್ಕೆ ಬೆನ್ನು ಮಾಡಿ ನಿಂತರು. ಕೋಪಕ್ಕೆ ಹಿಮ್ಮಡಿ ಎತ್ತಿ ನನ್ನನ್ನು ಕುಟ್ಟಿದರು.

ನಾನು ವೀಣೆಯ ಜಾತಿಯ ಮರ, ಮೇಲಾಗಿ ಪೊಳ್ಳು. ಆ ಸದ್ದು ಹಲಗೆಯ ವೇದಿಕೆಯಲ್ಲಿ ಹರಿದು ಎಲ್ಲರ ಅಂಗಾಲಿಗೂ ಮುಟ್ಟಿತು. ಸಾಹೇಬರಿಗೆ ದಾರಿ ಹೊಳೆಯಿತು. ಮತ್ತೆ ಕುಟ್ಟಿದರು. ಒಂದು, ಎರಡು, ಮೂರು. ಹಿಂದಿನಿಂದ ನಲವತ್ತೆರಡು ವಾದ್ಯಗಳು ಒಟ್ಟಿಗೆ ಎದ್ದವು! ಅಂದಿನಿಂದ ಸೋಮಗಿರಿಯ ಬ್ಯಾಂಡು ನಡೆದದ್ದು ಮೇಷ್ಟ್ರ ಹಿಮ್ಮಡಿಯ ಮೇಲೆ. ತಾಲೀಮಿನಲ್ಲೂ ಅದೇ ಕ್ರಮ, ಖಾಲಿ ಸಿಂಹಾಸನಕ್ಕೆ ಮುಖ. ನುಡಿಸುವವರು ತಲೆ ತಗ್ಗಿಸಿ, ಒಂದು ಕಣ್ಣು ಹಾಳೆಯ ಮೇಲೆ, ಇನ್ನೊಂದು ಕಣ್ಣು ನನ್ನ ಮೇಲೆ ಇಟ್ಟು ಕೂರುವುದನ್ನು ಕಲಿತರು. ಸುಳ್ಳು ಯಾಕೆ ಹೇಳಲಿ, ನನಗೆ ಸೊಕ್ಕು ಬಂತು.

ಮೊದಲ ಮಹಾಯುದ್ಧ ಶುರುವಾದ ತಿಂಗಳೇ ಪೊಲೀಸರು ಬಂದರು. ಸಾಹೇಬರು ಜರ್ಮನ್ ಅನ್ನುವುದು ಆವತ್ತಿನ ತನಕ ಯಾರಿಗೂ ಅಪರಾಧವಾಗಿ ಕಂಡಿರಲಿಲ್ಲ. ಒಂದು ರಾಗದ ನಡುವೆ ಅವರನ್ನು ನನ್ನ ಮೇಲಿಂದ ಇಳಿಸಿ ಕರೆದುಕೊಂಡು ಹೋದರು. ಆ ಗಳಿಗೆ ಹಾಳೆಯ ಮೇಲೆ ಕಣ್ಣಿಟ್ಟಿದ್ದ ಹಿಂದಿನವರಿಗೆ ಇದು ಗೊತ್ತೇ ಆಗಲಿಲ್ಲ. ತಲೆ ತಗ್ಗಿಸಿ ನುಡಿಸುತ್ತಲೇ ಇದ್ದರು, ಹಿಮ್ಮಡಿ ಕೇಳಿಸದೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ತಲೆ ಎತ್ತಿ ನೋಡಿದರೆ ಮಣೆ ಖಾಲಿ.

ಆಮೇಲೆ ಮೇಷ್ಟ್ರಾಗಿ ಹಾರ್ಗ್ರೀವ್ ದೊರೆ ಬಂದರು, ಇಂಗ್ಲೆಂಡಿನವರು, ಭಾರೀ ಆಸಾಮಿ. ಅವರ ಹಿಮ್ಮಡಿ ಬಿದ್ದರೆ ನನ್ನ ಮೊಳೆಗಳೆಲ್ಲ ಒಮ್ಮೆ ಅಲ್ಲಾಡುತ್ತಿದ್ದವು. ಇಲ್ಲಿಯ ಪದ್ಧತಿ ನೋಡಿ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ವಾರಕ್ಕೆ ಅದರ ಸುಖ ಹತ್ತಿತು. ಇಪ್ಪತ್ತೆರಡು ವರ್ಷ ಕುಟ್ಟಿದರು. ಅವರ ಕಾಲದಲ್ಲಿ ಎರಡನೆಯ ಸಾಲಿನ ಪಿಟೀಲಿನವನೊಬ್ಬ ಎದ್ದು ನಿಂತು ಒಂದು ಮಾತು ಕೇಳಿದ. ಹೆಸರು ಇನ್ನಾಸಪ್ಪ, ಊರ ಚರ್ಚಿನ ಗಾಯನ ಮೇಳದಲ್ಲಿ ಕಲಿತು ಬಂದವನು.

"ಸರ್, ಇಲ್ಲಿ ಮೆಲ್ಲಗೆ ನುಡಿಸಬೇಕೋ ಜೋರಾಗೋ, ದುಃಖವೋ ಸಂತೋಷವೋ, ಹಿಮ್ಮಡೀಲಿ ಗೊತ್ತಾಗಲ್ಲ. ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿತ್ತು."

ಹಾರ್ಗ್ರೀವ್ ದೊರೆ ತಮ್ಮ ಮುರುಕಲು ಕನ್ನಡದಲ್ಲಿ, "ಮುಖ ಮಹಾರಾಜರಿಗೆ. ನಿಮಗೆ ಹಿಮ್ಮಡಿ ಸಾಕು" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನನಗೂ ಅವನ ಮಾತು ಅಧಿಕಪ್ರಸಂಗವೆನಿಸಿತು. ಹಿಮ್ಮಡಿಗೆ ಏನು ಕಡಿಮೆ?

ಹಾರ್ಗ್ರೀವ್ ದೊರೆ ತಮ್ಮ ದೇಶಕ್ಕೆ ಹೊರಟಮೇಲೆ, ಆ ಇನ್ನಾಸಪ್ಪನನ್ನೇ ಮೇಷ್ಟ್ರು ಮಾಡಿದರು ಎಂದಾಗ ಅರಮನೆಯೇ ಬೆಚ್ಚಿಬಿತ್ತು. ಬಿಳಿಯರ ಜಾಗದಲ್ಲಿ ನಮ್ಮೂರಿನವನೇ! ಮೊದಲ ದಿನ ಅವರು ಪಾದ ಒರೆಸಿಕೊಂಡು ನನ್ನ ಮೇಲೆ ಹತ್ತಿದರು. ಹಿಮ್ಮಡಿ ಒಡೆದಿತ್ತು, ಎಡಗಡೆಯದರಲ್ಲಿ ಒಂಬತ್ತು ಬಿರುಕು. ಮೇಷ್ಟ್ರಾದ ವಾರದಲ್ಲೇ ಅವರು ಹೊಸ ಬಕ್ಷಿಯವರ ಹತ್ತಿರ ಹೋಗಿ, ವಾದ್ಯದವರ ಕಡೆ ತಿರುಗಿ ನಿಲ್ಲಲು ಅಪ್ಪಣೆ ಕೇಳಿದರು. "ಮೇಷ್ಟ್ರೇ, ನಿಮ್ಮನ್ನ ಅಲ್ಲಿ ಹತ್ತಿಸಿದ್ದೇ ಹೆಚ್ಚಾಯ್ತು" ಎಂಬ ಉತ್ತರ ಬಂತು. ಅವರು ಮತ್ತೆ ಬಾಯಿ ಬಿಡಲಿಲ್ಲ. ಹದಿನಾಲ್ಕು ವರ್ಷ ಬಾಯಿ ಬಿಡಲಿಲ್ಲ.

ಅವರ ಹಿಮ್ಮಡಿ ಹಗುರ. ಕುಟ್ಟುತ್ತಿರಲಿಲ್ಲ, ತಟ್ಟುತ್ತಿದ್ದರು. ನನ್ನ ಹಿಂದೆಯೇ ಆಳೆತ್ತರದ ದೊಡ್ಡ ಪಿಟೀಲು ಹಿಡಿದು ನಿಲ್ಲುತ್ತಿದ್ದ ಚೌರಪ್ಪ ಅವರ ಬಾಲ್ಯದ ಗೆಳೆಯ. ಮೊದಲು ತಟ್ಟು ಹಿಡಿಯುತ್ತಿದ್ದವನು ಅವನು, ಉಳಿದವರು ಅವನ ಬೆನ್ನಿಗೆ. ಆ ಹದಿನಾಲ್ಕು ವರ್ಷದಲ್ಲಿ ಬ್ಯಾಂಡು ಎಷ್ಟು ಚೆನ್ನಾಯಿತೆಂದರೆ, ದೂರದ ಮದರಾಸಿನಿಂದ ಬಂದವರು ಸಹ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಿದ್ದರು.

ಹೀಗಿರುವಾಗ ಸಂಸ್ಥಾನವೇ ಹೋಯಿತು. ಒಂದು ಬೆಳಿಗ್ಗೆ ಸಿಂಹಾಸನಕ್ಕೆ ಬಟ್ಟೆ ಹೊದಿಸಿದರು. ಬ್ಯಾಂಡನ್ನು ಸರ್ಕಾರ ಇಟ್ಟುಕೊಳ್ಳಬೇಕೋ, ಎಲ್ಲರನ್ನೂ ಮನೆಗೆ ಕಳಿಸಿ ವಾದ್ಯಗಳನ್ನು ಹರಾಜು ಹಾಕಬೇಕೋ ಎಂದು ನಿರ್ಧರಿಸಲು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬರುತ್ತಾರೆಂದು ಸುದ್ದಿ ಬಂತು. ನಲವತ್ತೆರಡು ಮನೆಗಳಲ್ಲಿ ಒಲೆ ಉರಿಯುವುದು ಆ ಒಂದು ದಿನದ ಮೇಲೆ ನಿಂತಿತ್ತು.

"ಇನ್ನಾಸಣ್ಣ, ನೀನು ತಟ್ಟು, ನಾವು ನುಡಿಸ್ತೀವಿ. ನೋಡೇಬಿಡೋಣ" ಎಂದ ಚೌರಪ್ಪ.

ಅಧಿಕಾರಿಯ ಹೆಸರು ಕಪನೀಪತಯ್ಯ. ಖಾದಿ ಅಂಗಿ, ಸವೆದ ಚಪ್ಪಲಿ, ಕೈಯಲ್ಲಿ ಒಂದು ಫೈಲು. ಬಟ್ಟೆ ಹೊದ್ದ ಸಿಂಹಾಸನದ ಪಕ್ಕ ಒಂದು ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತರು. ಇನ್ನಾಸಪ್ಪ ಮೇಷ್ಟ್ರು ಅಭ್ಯಾಸದಂತೆ ಅವರ ಕಡೆ ಮುಖ ಮಾಡಿ ನಿಂತು, ಕೈ ಎದೆಗೆ ತಂದು, ಹಿಮ್ಮಡಿ ತಟ್ಟಿದರು. ಸಂಗೀತ ಎದ್ದಿತು. ಎರಡು ನಿಮಿಷವಾಗಿಲ್ಲ, ಅಧಿಕಾರಿ ಕೈಯೆತ್ತಿ ನಿಲ್ಲಿಸಿದರು.

"ಏನ್ರೀ ಇದು? ನನ್ನ ಕಡೆ ಯಾಕೆ ಮುಖ ಮಾಡಿ ನಿಂತಿದೀರಿ? ನೀವು ನಡೆಸಬೇಕಾದ್ದು ಅವರನ್ನಲ್ವಾ?"

"ಸ್ವಾಮಿ, ಬೆನ್ನು ಮಾಡೋ ಹಾಗಿಲ್ಲ."

"ಯಾರಿಗೆ, ನನಗಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. "ನಾನೂ ನಿಮ್ಮ ಹಾಗೆ ಚಾಕರಿ ಮಾಡೋನು ಕಣ್ರೀ. ರಾಜರ ಕಾಲ ಮುಗೀತು. ತಿರುಗಿ ನಿಲ್ಲಿ, ಧಾರಾಳವಾಗಿ ಬೆನ್ನು ಮಾಡಿ."

ನನ್ನ ಮೇಲಿನ ಎರಡು ಪಾದಗಳು ಮೆಲ್ಲಗೆ ತಿರುಗಿದವು. ಇಷ್ಟು ವರ್ಷದಲ್ಲಿ ಮೊದಲ ಸಲ ಬೆರಳುಗಳು ವಾದ್ಯದವರ ಕಡೆ, ಹಿಮ್ಮಡಿ ಸಿಂಹಾಸನದ ಕಡೆ! ಅಪಚಾರ, ಅಪಚಾರ ಎಂದು ನಾನು ಒಳಗೊಳಗೇ ಕೂಗಿಕೊಂಡೆ. ಅರಮನೆಯಲ್ಲಿ ಹುಟ್ಟಿದವನಲ್ಲವೇ.

ಮೇಷ್ಟ್ರು ಹಿಮ್ಮಡಿಯನ್ನು ಮರೆತೇಬಿಟ್ಟರು. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದರೆಂದು ಅವರ ಪಾದ ತುದಿಬೆರಳಿಗೆ ಏರಿದ್ದರಿಂದಲೇ ನನಗೆ ತಿಳಿಯಿತು. ಕೈ ಕೆಳಗೆ ಬಂತು.

ಯಾರೂ ನುಡಿಸಲಿಲ್ಲ.

ಒಂದು ತಂತಿ ಮಿಡಿಯಲಿಲ್ಲ, ಒಂದು ಉಸಿರು ಹೊರಡಲಿಲ್ಲ. ನಲವತ್ತೆರಡು ತಲೆಗಳು ತಗ್ಗಿಯೇ ಇದ್ದವು. ಎಲ್ಲರ ಕಣ್ಣೂ ನನ್ನ ಮೇಲೆ, ಹಿಮ್ಮಡಿ ಬೀಳುವುದನ್ನು ಕಾಯುತ್ತಾ. ಅವರ ಮೇಷ್ಟ್ರು ಎದುರಿಗೆ ನಿಂತು ಎರಡು ಕೈ ಬೀಸಿದ್ದನ್ನು ಅವರಲ್ಲಿ ಒಬ್ಬನೂ ನೋಡಿರಲಿಲ್ಲ. ಮತ್ತೆ ಕೈ ಎತ್ತಿದರು, ಇಳಿಸಿದರು. ಒಂದು ಕೊಳಲು ಅಂಜುತ್ತಾ ಕೂಗಿ ಸುಮ್ಮನಾಯಿತು.

"ನನ್ನ ಕಡೆ ನೋಡ್ರಪ್ಪಾ" ಎಂದರು ಮೇಷ್ಟ್ರು. ಕುತ್ತಿಗೆಗಳು ಎದ್ದವು. ಮೂರನೆಯ ಸಲ ಹೇಗೋ ಶುರುವಾಯಿತು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಕುತ್ತಿಗೆಗಳು ತಾವಾಗಿಯೇ ಬಗ್ಗಿ, ಪಿಟೀಲು ಒಂದು ದಾರಿ, ಕಹಳೆ ಒಂದು ದಾರಿ ಹಿಡಿದು, ಎಲ್ಲ ಕಲಸುಮೇಲೋಗರವಾಗಿ ನಿಂತಿತು.

"ಇವರಿಗೆ ತಲೆ ಎತ್ತೋದೇ ಗೊತ್ತಿಲ್ವೇನ್ರೀ?" ಅಧಿಕಾರಿ ಎದ್ದೇ ನಿಂತಿದ್ದರು.

ಚೌರಪ್ಪ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ. "ಅಣ್ಣಾ, ಹಿಮ್ಮಡಿ ತಟ್ಟಿಬಿಡಣ್ಣಾ. ಒಂದೇ ಒಂದು ಸಲ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡ, ನಿನ್ನ ದಮ್ಮಯ್ಯ."

ನಿಜ. ಒಂದು ತಟ್ಟು ಸಾಕಿತ್ತು. ಎಡ ಹಿಮ್ಮಡಿ ಎದ್ದಿತು. ತಟ್ಟು, ತಟ್ಟು ಎಂದು ನಾನು ಕಾದೆ. ನಲವತ್ತೆರಡು ಜನ ಕಾದರು. ಆ ಹಿಮ್ಮಡಿ ಮಲಗಿದ ಕೂಸಿನ ಪಕ್ಕದಲ್ಲಿ ಇಟ್ಟ ಹಾಗೆ ಸದ್ದಿಲ್ಲದೆ ನನ್ನ ಮೇಲೆ ಇಳಿಯಿತು. ಆಮೇಲೆ ಮೇಷ್ಟ್ರು ನೆಲಕ್ಕೆ ಇಳಿದರು. ಇಳಿದು, ಅದೇ ಕಾಲಿನಿಂದ ನನ್ನನ್ನು ಪಕ್ಕಕ್ಕೆ ತಳ್ಳಿದರು.

ನನಗೆ ಜೀವವೇ ಹಾರಿಹೋಯಿತು. ಮೂರು ಮೇಷ್ಟ್ರನ್ನು ಹೊತ್ತ ನನ್ನನ್ನು ಗುಡಿಸಿದ ಕಸದ ಹಾಗೆ! ಗೋಡೆಗೆ ತಗುಲಿ ನಿಂತೆ. ಮೇಷ್ಟ್ರ ದನಿ ಕೇಳಿಸಿತು. "ಇನ್ನು ಕೆಳಗೆ ನೋಡೋಕೆ ಏನೂ ಇಲ್ಲ ಕಣ್ರೋ. ನನ್ನ ಮುಖ ಒಂದೇ ಇರೋದು. ಎರಡನೇ ಭಾಗ, ನಿಧಾನದ್ದು."

ಕೆಟ್ಟದಾಗಿ ನುಡಿಸಿದರು. ಎರಡು ಸಲ ನಿಂತಿತು, ಕೊಳಲುಗಳು ಶ್ರುತಿ ಬಿಟ್ಟವು, ನಗಾರಿಯವನಿಗೆ ಜಾಗವೇ ಸಿಗಲಿಲ್ಲ. ಇವರ ಕಥೆ ಮುಗಿಯಿತೆಂದು ನಾನು ಅತ್ತೆ. ಮೂರನೆಯ ಸಲ ಮಾತ್ರ ತೆವಳುತ್ತಾ ತೆವಳುತ್ತಾ ಕೊನೆಯವರೆಗೂ ಹೋಯಿತು. ಆ ಕೊನೆಯಲ್ಲಿ ಪಿಟೀಲುಗಳು ತಗ್ಗಿದ ರೀತಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಯಾವ ಹಿಮ್ಮಡಿಯೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಅಧಿಕಾರಿ ಫೈಲು ಮುಚ್ಚಿದರು. "ನಾಲ್ಕು ತಿಂಗಳು ಬಿಟ್ಟು ಮತ್ತೆ ಬರ್ತೀನಿ, ಅಲ್ಲೀವರೆಗೆ ಯಾರನ್ನೂ ಮನೆಗೆ ಕಳಿಸಲ್ಲ" ಎಂದು ಹೇಳಿ ಹೋದರು. ಬಂದರು ಕೂಡ. ಆ ದಿನ ನಾನು ಉಗ್ರಾಣದಲ್ಲಿದ್ದೆ. ಗೋಡೆಯಾಚೆ ಬ್ಯಾಂಡು ನುಡಿಯಿತು, ಚಪ್ಪಾಳೆ ಬಿತ್ತು. ಸರ್ಕಾರ ಅವರನ್ನು ಇಟ್ಟುಕೊಂಡಿತು. ಇನ್ನಾಸಪ್ಪನವರು ಸಾಯುವ ತನಕ, ಏಳು ವರ್ಷ, ನಾನಿಲ್ಲದೆ ನುಡಿಸಿದರು. ನನ್ನನ್ನು ಯಾರೂ ಕರೆಯಲಿಲ್ಲ.

ಉಗ್ರಾಣ ಖಾಲಿ ಮಾಡಿದಾಗ ನನ್ನನ್ನು ಊರ ಚರ್ಚಿಗೆ ಕೊಟ್ಟರು, ಈಗ ಅಲ್ಲಿ ಪೂಜೆಯ ಪಾತ್ರೆಗಳನ್ನಿಡುವ ಕೋಣೆಯಲ್ಲಿದ್ದೇನೆ. ಎತ್ತರದ ಗೂಡಿನ ದೀಪ ಹಚ್ಚುವಾಗ ಚರ್ಚಿನ ಚಾಕರಿಯ ಮರಿಯಪ್ಪ ನನ್ನ ಮೇಲೆ ಹತ್ತುತ್ತಾನೆ. ಉಳಿದ ಹೊತ್ತು ಬಿಡುವು. ಹೋದ ಭಾನುವಾರ ಪೂಜೆಗೆ ಮೊದಲು ಒಬ್ಬ ಮುದುಕ ಕೋಲೂರಿಕೊಂಡು ಬಂದು, ಉಸ್ಸೆಂದು ನನ್ನ ಮೇಲೆ ಕೂತ. ಮಾತು ಕೇಳಿ ಗುರುತು ಹತ್ತಿತು, ಚೌರಪ್ಪ. ತಾನು ಕೂತದ್ದು ಯಾವುದರ ಮೇಲೆಂದು ಅವನಿಗೆ ತಿಳಿಯಲಿಲ್ಲ.

"ಇನ್ನಾಸಣ್ಣ ನುಡಿಸುವಾಗ ನಗ್ತಿದ್ದ ಕಣೋ ಮರಿಯಪ್ಪ" ಎಂದ. "ಸಣ್ಣ ಕೂಸು ಬೆಲ್ಲ ಚೀಪುವಾಗ ನಗುತ್ತಲ್ಲ, ಹಾಗೆ. ಆವತ್ತು ಅಧಿಕಾರಿ ಮುಂದೆ ತಲೆ ಎತ್ತಿದಾಗಲೇ ನಾನು ನೋಡಿದ್ದು. ಹದಿನಾಲ್ಕು ವರ್ಷ ಬೆನ್ನ ಹಿಂದೇನೇ ನಿಂತಿದ್ದೆ, ನಂಗೆ ಗೊತ್ತೇ ಇರ್ಲಿಲ್ಲ. ತಾಲೀಮಲ್ಲಿ ದಿನಾ ಆ ಖಾಲಿ ಸಿಂಹಾಸನಕ್ಕೆ ನಗ್ತಿದ್ನಲ್ಲೋ, ನಮ್ಮಣ್ಣ."

ಗಂಟೆ ಹೊಡೆಯಿತು, ಅವನು ಎದ್ದು ಹೋದ. ನಾನು ಇನ್ನೂ ಸುಧಾರಿಸಿಕೊಂಡಿಲ್ಲ. ಆ ಮನುಷ್ಯನ ಪೂರ್ತಿ ಭಾರ ನನಗೆ ಗೊತ್ತಿತ್ತು. ಯಾವ ದಿನ ಜ್ವರ, ಯಾವ ದಿನ ಉಪವಾಸ, ಯಾವ ದಿನ ಭಯ, ಎಲ್ಲ ಅಂಗಾಲಿನಿಂದಲೇ ಹೇಳುತ್ತಿದ್ದೆ. ನಗುತ್ತಿದ್ದನೆಂದು ಮಾತ್ರ ನನಗೆ ಗೊತ್ತಿರಲಿಲ್ಲ.