ಬಿದ್ದ ಮರದ ಹೋಯಾ

ಅಕ್ಕ ಮರದಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಮೇಲೆ ಮನೆಯಲ್ಲಿ ಯಾರೂ ಕಾಡಿನ ಮಾತೆತ್ತುತ್ತಿರಲಿಲ್ಲ. ಹೋಯಾ ಎಂಬ ಬಳ್ಳಿಗಳ ಕುಲದ ಬೆನ್ನು ಹತ್ತಿ, ಅವುಗಳ ಚಿತ್ರ ಬರೆಯುತ್ತಲೇ ಅವಳು ಅರ್ಧ ಆಯುಷ್ಯ ಕಳೆದಿದ್ದಳು. ಮಣ್ಣಿನ ಹಂಗಿಲ್ಲದೆ ಮಳೆಕಾಡಿನ ಮರಗಳ ತೊಗಟೆಗೆ ಬೇರು ಕಚ್ಚಿ, ಮೇಣದಲ್ಲಿ ಎರಕ ಹೊಯ್ದಂಥ ನಕ್ಷತ್ರದ ಗೊಂಚಲು ಬಿಡುವ ಬಳ್ಳಿಗಳವು. ಈಗ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದರೆ ಊಟಕ್ಕೂ ತಿರುಗುತ್ತಿರಲಿಲ್ಲ.

ತಂಗಿ ದರ್ಜಿ. ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಅಂಗಡಿ. ಅಕ್ಕನ ಮನಸ್ಸಿಗೆ ಹಿತವಾಗಲೆಂದು ಕುಂಡದ ಹೋಯಾ ಒಂದನ್ನು ತಂದು ಕಿಟಕಿಯಲ್ಲಿಟ್ಟಳು.

"ಆಚೆ ಇಡು ಅದನ್ನ," ಎಂದಳು ಅಕ್ಕ. "ಮರ ಇಲ್ಲದ ಹೋಯಾ ನನ್ನ ಹಾಗೇ ಕಾಣುತ್ತೆ."

ತಂಗಿಗೆ ತಡೆಯಲಾಗಲಿಲ್ಲ. ಚಿಕ್ಕಮ್ಮನನ್ನು ಅಕ್ಕನ ಬಳಿ ಕೂರಿಸಿ, ಅಕ್ಕನಿಗೆ ಕಾಡಿನಲ್ಲಿ ದಾರಿ ತೋರಿಸುತ್ತಿದ್ದ ಮುದುಕನನ್ನು ಹುಡುಕಿಕೊಂಡು ಹೊರಟಳು. ಅಕ್ಕ ವರ್ಷವರ್ಷವೂ ನೋಡಿ ಬರುತ್ತಿದ್ದ ಬಳ್ಳಿ ಈ ಸಲ ಹೂ ಬಿಟ್ಟಿದೆಯೇ ಎಂದು ನೋಡಿ ಬಂದು ಹೇಳಬೇಕು, ಅಷ್ಟೇ. ಕಾಡಿನ ದಾರಿಯಲ್ಲಿ ಮುದುಕ ತಂಗಿಯ ಕಾಲಿನಿಂದ ಜಿಗಣೆ ಕೀಳುತ್ತ, ನಿಮ್ಮಕ್ಕ ಇವನ್ನೆಲ್ಲ ಬೀಗರ ಹಾಗೆ ಮಾತಾಡಿಸುತ್ತಿದ್ದರು ಎಂದು ನಗಿಸಿದ.

ಹೋಗಿ ನೋಡಿದರೆ ಮರವೇ ಉರುಳಿತ್ತು. ಯಾವ ಮುಖ ಹೊತ್ತು ಇದನ್ನು ಅಕ್ಕನಿಗೆ ಹೇಳುವುದು? ಆದರೆ ಮಲಗಿದ ಕಾಂಡದ ಮೇಲೆ ಬಳ್ಳಿ ಹಸಿರಾಗಿಯೇ ಇತ್ತು. ತುದಿಯಲ್ಲೊಂದು ಗೊಂಚಲು ಅರಳಿತ್ತು. ಬೊಗಸೆಯಂಥ ಎಲೆಗಳ ಅಡಿಯಲ್ಲಿ ಇರುವೆಗಳು ಸಂಸಾರ ಹೂಡಿದ್ದವು. ಕಾಂಡ ಕೊಳೆತರೆ ಬಳ್ಳಿಯೂ ಉಳಿಯದು ಎಂದ ಮುದುಕ. ತಂಗಿ ತಲೆಗೆ ಸುತ್ತಿದ್ದ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿದು, ಉದ್ದನೆಯ ಕುಡಿಯೊಂದನ್ನು ಪಕ್ಕದ ಮರಕ್ಕೆ ಹಬ್ಬಿಸಿ ಕಟ್ಟಿದಳು. ಇರುವೆಗಳು ಸುಮ್ಮನೆ ಬಿಡಲಿಲ್ಲ.

ಮನೆಗೆ ಬಂದು, ಮರ ಬಿದ್ದದ್ದನ್ನೂ ಬಚ್ಚಿಡದೆ ಎಲ್ಲವನ್ನೂ ಹೇಳಿದಳು. ಅಕ್ಕ ಮೆಲ್ಲಗೆ ಇತ್ತ ತಿರುಗಿದಳು.

"ಯಾವ ದಿಕ್ಕಿಗೆ ಕಟ್ಟಿದೆ?"

"ದಿಕ್ಕು ಗಿಕ್ಕು ನಂಗೇನಕ್ಕ ಗೊತ್ತು? ನೆರಳಿತ್ತು, ಕಟ್ಟಿದೆ."

"ಬಿಗಿಯಾಗೋ?"

"ಇಲ್ಲ, ಸಡಿಲವಾಗಿ. ಬೆಳೆಯೋ ಮಗುಗೆ ಅಂಗಿ ಹೊಲಿದ ಹಾಗೆ."

ಅಕ್ಕ ಅವಳ ಊದಿದ ಬೆರಳುಗಳನ್ನು ಹಿಡಿದುಕೊಂಡಳು. ನಗಲು ಹೋಗಿ ಅತ್ತಳು. ಆಮೇಲೆ ಹಸಿವಾಗುತ್ತಿದೆ ಎಂದಳು.

ಮುಂದಿನ ಹೂಗಾಲಕ್ಕೆ ಮುದುಕನೂ ಅವನ ಅಳಿಯಂದಿರೂ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಕಾಡಿಗೆ ಹೊತ್ತೊಯ್ದರು. ಕುಡಿ ಹೊಸ ಮರಕ್ಕೆ ಬೇರು ಕಚ್ಚಿತ್ತು. ಹೂ ಮಾತ್ರ ಇನ್ನೂ ಬಂದಿರಲಿಲ್ಲ. ಅಕ್ಕ ಅದರ ಎದುರಿಗೇ ಕುರ್ಚಿ ಇಡಿಸಿಕೊಂಡು, ಸಂಜೆಯವರೆಗೂ ಎಲೆಗಳ ಚಿತ್ರ ಬರೆಯುತ್ತ ಕುಳಿತಳು. ತಂಗಿ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.